ಬಿದ್ದ ಬೈಕಿಗೆ ಬೇರೆ ಫೇರಿಂಗ್: ಯಾವುದು ತಗೊಳ್ಳಲಿ?

ಕೇಳಿದವರು:
ನನ್ನದು 2008ರ ಯಮಹಾ ಆರ್6. ಹೋದ ತಿಂಗಳು ತಿರುವಿನಲ್ಲಿ ಜಲ್ಲಿಕಲ್ಲಿನ ಮೇಲೆ ಮುಂದಿನ ಚಕ್ರ ಜಾರಿ ಬಲಕ್ಕೆ ಬಿದ್ದೆ. ವೇಗ ಜಾಸ್ತಿ ಇರಲಿಲ್ಲ. ಮೊಣಕೈ ತರಚಿದ್ದು ಬಿಟ್ಟರೆ ನನಗೇನೂ ಆಗಿಲ್ಲ. ಬೈಕಿನ ಕಥೆ ಬೇರೆ. ಫೇರಿಂಗ್, ಅಂದರೆ ಮೈ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ, ಅದರ ಬಲಗಡೆ ಪ್ಯಾನೆಲ್ ಎರಡು ಹೋಳಾಗಿದೆ, ಕೆಳಗಿನದು ಉಜ್ಜಿಹೋಗಿ ಒಂದು ಲಾಕ್ (ಪ್ಯಾನೆಲ್ ಸಿಕ್ಕಿಸುವ ಕೊಂಡಿ) ಮುರಿದಿದೆ, ಹೆಡ್‌ಲೈಟ್ ಸುತ್ತಲಿನ ಮುಂಭಾಗ ಬಿರುಕು ಬಿಟ್ಟಿದೆ. ಎಂಜಿನ್, ಫೋರ್ಕ್ ಸರಿ ಇವೆ ಅಂತ ಮೆಕ್ಯಾನಿಕ್ ಹೇಳಿದರು. ಈಗ ಕಂಪನಿ ಪ್ಯಾನೆಲ್ ಬಿಡಿಬಿಡಿಯಾಗಿ ತಗೊಳ್ಳಲಾ, ಬಣ್ಣ ಹೊಡೆದೇ ಬರುವ ಪೂರ್ತಿ ಸೆಟ್ ಆನ್‌ಲೈನಲ್ಲಿ ತರಿಸಲಾ, ಇಲ್ಲ ಫೈಬರ್ (ಗಾಜಿನ ನಾರಿನದು) ಹಾಕಿಸಲಾ? ಒಬ್ಬರ ಹತ್ತಿರ 2007ರ ಆರ್6 ಸೆಟ್ ಇದೆ, "ಇದೇ ಕೂರುತ್ತೆ" ಅಂತಾರೆ. ನಾನು ಇದುವರೆಗೆ ಫೇರಿಂಗ್ ಬಿಚ್ಚಿದವನೇ ಅಲ್ಲ. ಅನುಭವ ಇದ್ದವರು ಹೇಳಿ.

ಹಳೇ ಜಿಎಸ್‌ಎಕ್ಸ್-ಆರ್ ಇಟ್ಟುಕೊಂಡವರು:
ಪ್ಯಾನೆಲ್ ವಿಷಯ ಆಮೇಲೆ. ಮೊದಲು ಮುಂದಿನ ಸ್ಟೇ ನೋಡಿ. ಹೆಡ್‌ಲೈಟ್, ಮೀಟರ್, ಕನ್ನಡಿ, ಮುಂಭಾಗದ ಪ್ಯಾನೆಲ್ ಎಲ್ಲವನ್ನೂ ಹೊತ್ತುಕೊಂಡು ಚಾಸಿಗೆ ಬೋಲ್ಟ್ ಆಗಿರುವ ಆ ಬ್ರಾಕೆಟ್. ಬೈಕ್ ಪಕ್ಕಕ್ಕೆ ಬಿದ್ದಾಗ ಕನ್ನಡಿ ನೆಲಕ್ಕೆ ತಾಗುತ್ತದೆ, ಆ ಏಟು ನೇರ ಸ್ಟೇಗೆ ಹೋಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ನನಗೆ ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ನನ್ನದು 2006ರ ಸುಜುಕಿ ಜಿಎಸ್‌ಎಕ್ಸ್-ಆರ್600. ಬಿದ್ದ ಮೇಲೆ ಪೂರ್ತಿ ಸೆಟ್ ತರಿಸಿದೆ. ಎಡಗಡೆ ಪ್ಯಾನೆಲ್ ಗೂಟದ ಹಾಗೆ ಕೂತಿತು. ಬಲಗಡೆ ಮುಂಭಾಗಕ್ಕೂ ಪಕ್ಕದ ಪ್ಯಾನೆಲ್ಲಿಗೂ ನಡುವೆ ನನ್ನ ಕಿರುಬೆರಳು ಹೋಗುವಷ್ಟು ಸಂದು. ಕೆಳಗಿನ ಎರಡು ಬೋಲ್ಟ್ ತೂತಿಗೇ ಬರುತ್ತಿಲ್ಲ. ಮಾರಿದವನಿಗೆ ಫೋಟೋ ಕಳಿಸಿದೆ, ಬೈದೆ, ಎರಡು ವಾರ ಜಗಳ ಆಡಿದೆ. ಕೊನೆಗೆ ಹಳೇ ಒಡೆದ ಪ್ಯಾನೆಲ್ಲನ್ನೇ ಹಿಡಿದು ನೋಡಿದರೆ ಅದೂ ಕೂರುತ್ತಿಲ್ಲ! ಬಾಗಿದ್ದು ಸ್ಟೇ. ಸೆಕೆಂಡ್ ಹ್ಯಾಂಡ್ ಸ್ಟೇ ಹಾಕಿದೆ, ಅರ್ಧ ಗಂಟೆಯಲ್ಲಿ ಎಲ್ಲ ಬೋಲ್ಟೂ ಕೈಯಲ್ಲೇ ಹತ್ತಿದವು. ಮಾರಿದವನಿಗೆ ಸಾರಿ ಅಂತ ಬರೆದೆ, ಉತ್ತರ ಬರಲಿಲ್ಲ. ಬರದಿದ್ದದ್ದೇ ಸರಿ ಬಿಡಿ.

ಹೇಗೆ ನೋಡೋದು ಅಂದರೆ, ಮುಂಭಾಗ ಬಿಚ್ಚಿ ಬೈಕನ್ನು ನೆಟ್ಟಗೆ ನಿಲ್ಲಿಸಿ. ಕನ್ನಡಿ ಬೋಲ್ಟ್ ತೂತಿನಿಂದ ಚಾಸಿಯ ಮೇಲೆ ಎರಡೂ ಕಡೆ ಒಂದೇ ತರ ಇರುವ ಯಾವುದಾದರೂ ಗುರುತಿಗೆ ಟೇಪ್ ಹಿಡಿಯಿರಿ. ಎಡಕ್ಕೆ ಎಷ್ಟು ಬಂತೋ ಬಲಕ್ಕೂ ಅಷ್ಟೇ ಬರಬೇಕು. ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಆದರೆ ಪರವಾಗಿಲ್ಲ. ಐದಾರು ಬಂದರೆ ಸ್ಟೇ ಹೋಗಿದೆ ಅಂತಲೇ ಲೆಕ್ಕ. ಕಬ್ಬಿಣದ ಪೈಪಿನದಾದರೆ ಬೆಂಡ್ ತೆಗೆಸಬಹುದು. ಎರಕದ ಅಲ್ಯೂಮಿನಿಯಂ ಆದರೆ ಬಗ್ಗಿಸಲು ಹೋಗಬೇಡಿ, ಲಟಕ್ ಅನ್ನುತ್ತದೆ.

ಇನ್ನು 2007ರ ಸೆಟ್. ಬೇಡ. 2008ರಲ್ಲಿ ಆರ್6ನ ಮುಂಭಾಗ, ಪಕ್ಕ ಎಲ್ಲ ಬದಲಾಯಿತು. ಸೆಟ್ ಮಾರುವವರು ಕೂಡ 2006-07 ಒಂದು, 2008ರಿಂದ 2016ರವರೆಗೆ ಇನ್ನೊಂದು ಅಂತ ಬೇರೆ ಬೇರೆಯಾಗಿಯೇ ಮಾರುತ್ತಾರೆ. ನೋಡಲು ಅಣ್ಣತಮ್ಮಂದಿರ ಹಾಗಿವೆ, ಅದಕ್ಕೇ ಜನ ಮೋಸಹೋಗೋದು.

ಸಿಬಿಆರ್ ಓಡಿಸುವವರು:
ವರ್ಷದ ವಿಷಯಕ್ಕೆ ನನ್ನದೂ ಒಂದು. 2005ರ ಸಿಬಿಆರ್600ಆರ್‌ಆರ್‌ಗೆ 2004ರ ಪಕ್ಕದ ಪ್ಯಾನೆಲ್ ಅಗ್ಗಕ್ಕೆ ಸಿಕ್ಕಿತು ಅಂತ ತಗೊಂಡೆ. 2005ರಲ್ಲಿ ಹೋಂಡಾ ಮುಂದಿನ ಫೋರ್ಕ್ ತಲೆಕೆಳಗಿನದು ಮಾಡಿತು, ಫೇರಿಂಗನ್ನೂ ಬದಲಾಯಿಸಿತು. ಆ ಪ್ಯಾನೆಲ್ ಈಗಲೂ ನಮ್ಮ ಅಟ್ಟದ ಮೇಲಿದೆ, ಬೇಕಾದವರು ಹೇಳಿ.

ಬೈಕ್ ಕೊಂಡ ವರ್ಷ ನಂಬಬೇಡಿ, ಮಾಡೆಲ್ ವರ್ಷ ನೋಡಿ. 2007ರ ಕೊನೆಗೆ ಕೊಂಡಿದ್ದು 2008ರ ಮಾಡೆಲ್ ಆಗಿರಬಹುದು. ಹಲವು ಕಡೆ ಚಾಸಿ ನಂಬರಿನ 17 ಅಕ್ಷರಗಳಲ್ಲಿ 10ನೆಯದು ಮಾಡೆಲ್ ವರ್ಷ: 7 ಇದ್ದರೆ 2007, 8 ಇದ್ದರೆ 2008. ಅದಕ್ಕಿಂತ ಗ್ಯಾರಂಟಿ ಅಂದರೆ ಕಂಪನಿಯ ಪಾರ್ಟ್ ಪಟ್ಟಿಯಲ್ಲಿ ನಿಮ್ಮ ಬೈಕಿನ ಚಿತ್ರ ತೆಗೆದು ಒಂದೊಂದು ಪ್ಯಾನೆಲ್ಲಿನ ನಂಬರ್ ಬರೆದುಕೊಳ್ಳುವುದು. ಎರಡು ವರ್ಷಕ್ಕೂ ಒಂದೇ ನಂಬರ್ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಆದರೆ ಬಣ್ಣ ಬೇರೆ ಆದರೆ ನಂಬರಿನ ಕೊನೆಯ ಅಕ್ಷರಗಳು ಬೇರೆ ಆಗಿರುತ್ತವೆ, ಅದಕ್ಕೆ ಗಾಬರಿ ಬೇಡ.

ಪೂರ್ತಿ ಸೆಟ್ ಬಗ್ಗೆ: ಅದರಲ್ಲಿ ಎರಡು ಜಾತಿ. ಒಂದು ಇಂಜೆಕ್ಷನ್, ಅಂದರೆ ಕರಗಿದ ಎಬಿಎಸ್ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಒತ್ತಡದಲ್ಲಿ ತುಂಬಿಸಿ ಮಾಡಿದ್ದು. ಇನ್ನೊಂದು ಹಾಳೆ ಕಾಯಿಸಿ ಅಚ್ಚಿನ ಮೇಲೆ ಒತ್ತಿದ್ದು, ಕಂಪ್ರೆಷನ್ ಅಂತಾರೆ. ಒತ್ತಿದ ಹಾಳೆ ತಿರುವಿನಲ್ಲಿ ಎಳೆದುಕೊಂಡು ತೆಳ್ಳಗಾಗುತ್ತದೆ, ತೂತುಗಳನ್ನು ಆಮೇಲೆ ಕೊರೆದಿರುತ್ತಾರೆ. ನಾನು ಒಮ್ಮೆ ಅಂಥದ್ದು ತಗೊಂಡು, ಗುಂಡು ಅರ ಹಿಡಿದು ಒಂದು ಇಡೀ ಭಾನುವಾರ ತೂತು ಉಜ್ಜಿದ್ದೇನೆ. ಒಂದು ತೂತು ಸರಿಮಾಡಿದರೆ ಪಕ್ಕದ್ದು ತಪ್ಪುತ್ತಿತ್ತು.

ಫೋಟೋದಲ್ಲಿ ಪತ್ತೆ ಹಚ್ಚಬಹುದು. ಒಳಮೈ ಫೋಟೋ ಕೇಳಿ. ಇಂಜೆಕ್ಷನ್ ಆದರೆ ಒಳಗಡೆ ಸಣ್ಣ ಏಣುಗಳು, ಬೋಲ್ಟ್ ಕೂರುವ ದಪ್ಪ ಕೊಳವೆಗಳು ಪ್ಯಾನೆಲ್ ಜೊತೆಗೇ ಅಚ್ಚಾಗಿ ಬಂದಿರುತ್ತವೆ. ಇನ್ನೊಂದರಲ್ಲಿ ಒಳಮೈ ನುಣ್ಣಗಿರುತ್ತದೆ, ಲಾಕುಗಳನ್ನು ಬೇರೆ ಮಾಡಿ ಅಂಟಿಸಿರುತ್ತಾರೆ. ಒಳಮೈ ಫೋಟೋ ಕಳಿಸಲ್ಲ ಅಂದವನ ಹತ್ತಿರ ತಗೊಳ್ಳಲೇಬೇಡಿ. ಸೆಕೆಂಡ್ ಹ್ಯಾಂಡ್ ಕಂಪನಿ ಪ್ಯಾನೆಲ್ಲಿಗೂ ಇದೇ ಮಾತು. ಹೊರಗೆ ಫಳಫಳ ಹೊಳೆಯುವ ಪ್ಯಾನೆಲ್ ತಿರುಗಿಸಿದರೆ ನಾಲ್ಕು ಲಾಕಿನಲ್ಲಿ ಮೂರು ಇರಲ್ಲ.

ಟ್ರ್ಯಾಕಿಗೆ ಹೋಗುವವರು:
ಫೈಬರ್ ರಸ್ತೆ ಬೈಕಿಗೆ ಬೇಡ. ರೇಸಿನ ಫೈಬರ್ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಹೆಡ್‌ಲೈಟಿಗೆ ಜಾಗವೇ ಇರುವುದಿಲ್ಲ, ಇಂಡಿಕೇಟರ್ ತೂತು ಇರುವುದಿಲ್ಲ. ಕೆಳಭಾಗ ಮುಚ್ಚಿದ ತೊಟ್ಟಿಯ ಹಾಗಿರುತ್ತದೆ. ಎಂಜಿನ್ ಒಡೆದರೆ ಆಯಿಲ್ ಟ್ರ್ಯಾಕ್ ಮೇಲೆ ಚೆಲ್ಲಬಾರದು ಅಂತ. ತೂತುಗಳನ್ನು ನೀವೇ ಕೊರೆಯಬೇಕು. ಬಿದ್ದರೆ ಮತ್ತೆ ಬಟ್ಟೆ, ರೆಸಿನ್ ಹಾಕಿ ಕಟ್ಟಿಕೊಳ್ಳಬಹುದು ಅನ್ನುವುದು ಅದರ ಸುಖ. ಉಜ್ಜಿದ ದಿನ ಕೈತುಂಬ ತುರಿಕೆ ಅದರ ದುಃಖ. ಮಾಸ್ಕ್ ಇಲ್ಲದೆ ಉಜ್ಜಲೇಬೇಡಿ.

ಪ್ಲಾಸ್ಟಿಕ್ ರಿಪೇರಿ ಮಾಡುವವರು:
ನಿಮ್ಮ ಕೆಳಗಿನ ಪ್ಯಾನೆಲ್ ಯಾಕೆ ಬಿಸಾಡುತ್ತೀರಿ? ಉಜ್ಜಿಹೋಗಿದೆ, ಒಂದು ಲಾಕ್ ಮುರಿದಿದೆ, ಅಷ್ಟೇ ತಾನೆ. ತಿರುಗಿಸಿ ಒಳಗಡೆ ಸಣ್ಣ ಅಕ್ಷರ ಹುಡುಕಿ. ಬಾಣದ ಗುರುತಿನ ನಡುವೆ ಎಬಿಎಸ್ ಅಂತಲೋ ಪಿಪಿ (ಪಾಲಿಪ್ರೊಪಿಲೀನ್ ಅನ್ನುವ ಇನ್ನೊಂದು ಪ್ಲಾಸ್ಟಿಕ್) ಅಂತಲೋ ಅಚ್ಚೊತ್ತಿರುತ್ತಾರೆ. ಎಬಿಎಸ್ ಆದರೆ ಅದೃಷ್ಟ. ಒಡೆದ ಪ್ಯಾನೆಲ್ಲಿನ ಚೂರನ್ನೇ ಸಣ್ಣಗೆ ಕತ್ತರಿಸಿ ಗಾಜಿನ ಬಾಟಲಿಯಲ್ಲಿ ಅಸಿಟೋನಿಗೆ ಹಾಕಿ ರಾತ್ರಿ ಇಟ್ಟರೆ ಬೆಳಿಗ್ಗೆ ಗಟ್ಟಿ ಪೇಸ್ಟ್ ಆಗಿರುತ್ತದೆ. ಬಿರುಕಿನ ಒಳಬದಿಯಲ್ಲಿ ವಿ ಆಕಾರಕ್ಕೆ ಗೀರು ಮಾಡಿ ಅದನ್ನು ತುಂಬಿ. ಒಂದು ದಿನ ಬಿಟ್ಟು ಇನ್ನೊಂದು ಪದರ. ಅಂಟು ಅಲ್ಲ ಅದು, ಪ್ಲಾಸ್ಟಿಕ್ಕೇ ಪ್ಲಾಸ್ಟಿಕ್ಕಿಗೆ ಕೂಡಿಕೊಳ್ಳುತ್ತದೆ. ಕಿಟಕಿ ತೆಗೆದು ಮಾಡಿ, ಹತ್ತಿರ ಬೆಂಕಿ ಬೇಡ. ಪಿಪಿ ಆದರೆ ಅಸಿಟೋನಿಗೆ ಕರಗುವುದೇ ಇಲ್ಲ, ಅದಕ್ಕೆ ಪಿಪಿ ಕಡ್ಡಿಯಿಂದ ಬಿಸಿ ವೆಲ್ಡಿಂಗ್ ಮಾತ್ರ.

ಮುರಿದ ಲಾಕಿಗೆ ಬರೀ ಪೇಸ್ಟ್ ಸಾಲದು. ಸ್ಟೀಲಿನ ಸಣ್ಣ ಜಾಲರಿ ತುಂಡನ್ನು ಸೋಲ್ಡರಿಂಗ್ ಐರನ್ನಿನಿಂದ ಒಳಬದಿಗೆ ಇಳಿಸಿ ಮೇಲೆ ಪೇಸ್ಟ್ ಹಾಕಿ. ಹೊಗೆ ಮಾತ್ರ ಕುಡಿಯಬೇಡಿ.

ಕೇಳಿದವರು:
ಟೇಪ್ ಹಿಡಿದೆ. ಬಲಕ್ಕೆ 9 ಮಿಲಿಮೀಟರ್ ಕಮ್ಮಿ! ಮೆಕ್ಯಾನಿಕ್ ಇದನ್ನು ಹೇಳಲೇ ಇಲ್ಲ. ಕೆಳಗಿನ ಪ್ಯಾನೆಲ್ಲಿನಲ್ಲಿ ಎಬಿಎಸ್ ಅಂತಿದೆ. ಹಾಗಾದರೆ ಸ್ಟೇ ಹೊಸದು, ಬಲಗಡೆ ಪ್ಯಾನೆಲ್ ಮತ್ತು ಮುಂಭಾಗ ಕಂಪನಿಯದು, ಕೆಳಗಿನದು ರಿಪೇರಿ ಅಂತ ಲೆಕ್ಕ ಹಾಕಿದರೆ ಒಳ್ಳೇ ಇಂಜೆಕ್ಷನ್ ಸೆಟ್ಟಿಗಿಂತ ಅಂಥಾ ಜಾಸ್ತಿಯೇನೂ ಆಗಲ್ಲ. ಪ್ಯಾನೆಲ್ ಬಣ್ಣ ಇಲ್ಲದೆ ಬರುತ್ತದೆ. ಜೋಡಿಸುವಾಗ ಏನು ಎಚ್ಚರ ಇರಬೇಕು?

ಹಳೇ ಜಿಎಸ್‌ಎಕ್ಸ್-ಆರ್ ಇಟ್ಟುಕೊಂಡವರು:
ಒಳ್ಳೇ ನಿರ್ಧಾರ. ನಾಲ್ಕು ಪ್ಯಾನೆಲ್ಲೂ ಹೋಗಿದ್ದರೆ ನಾನು ಸೆಟ್ಟೇ ತಗೊಳ್ಳಿ ಅಂತಿದ್ದೆ.

ಬಿಚ್ಚುವ ಮುಂಚೆ ಒಂದು ರಟ್ಟಿನ ಮೇಲೆ ಬೈಕಿನ ಪಕ್ಕದ ಚಿತ್ರ ಬಿಡಿಸಿ. ಚೆಂದ ಇರಬೇಕಾಗಿಲ್ಲ, ನನ್ನದು ಎಮ್ಮೆ ತರ ಇತ್ತು. ಯಾವ ಬೋಲ್ಟ್ ಎಲ್ಲಿಂದ ಬಂತೋ ರಟ್ಟಿನಲ್ಲಿ ಅಲ್ಲೇ ಚುಚ್ಚಿ ಇಡಿ. ನೋಡಲು ಒಂದೇ ಇದ್ದರೂ ಉದ್ದ ಬೇರೆ ಇರುತ್ತದೆ. ಉದ್ದದ್ದು ತಪ್ಪಾದ ಜಾಗಕ್ಕೆ ಹೋದರೆ ಒಳಗೆ ರೇಡಿಯೇಟರಿಗೋ ವೈರಿಗೋ ತಾಗಬಹುದು. ಬೋಲ್ಟ್ ಕೆಳಗಿನ ಲೋಹದ ಕಾಲರ್, ರಬ್ಬರ್ ಬುಷ್ ಹಳೇ ಪ್ಯಾನೆಲ್ಲಿನಲ್ಲೇ ಉಳಿದುಬಿಡುತ್ತವೆ, ಕಿತ್ತು ಇಟ್ಟುಕೊಳ್ಳಿ. ಕಾಲರ್ ಇಲ್ಲದೆ ಬಿಗಿದರೆ ಹೊಸ ಪ್ಯಾನೆಲ್ ಮೊದಲ ದಿನವೇ ಬಿರುಕು ಬಿಡುತ್ತದೆ. ಸೈಲೆನ್ಸರ್ ಪೈಪಿನ ಹತ್ತಿರ ಒಳಬದಿಗೆ ಶಾಖ ತಡೆಯುವ ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ್ದರೆ ಹೊಸದರಲ್ಲೂ ಇದೆಯಾ ನೋಡಿ, ಇಲ್ಲದಿದ್ದರೆ ತರಿಸಿ ಅಂಟಿಸಿ.

ಬಣ್ಣ ಹೊಡೆಸುವ ಮುಂಚೆ ಒಮ್ಮೆ ಪೂರ್ತಿ ಜೋಡಿಸಿ ನೋಡಿ. ಬಣ್ಣ ಹತ್ತಿದ ಪ್ಯಾನೆಲ್ಲನ್ನು ಯಾರೂ ವಾಪಸ್ ತಗೊಳ್ಳಲ್ಲ. ಎಲ್ಲ ಬೋಲ್ಟನ್ನೂ ಕೈಯಲ್ಲಿ ಎರಡು ಮೂರು ಸುತ್ತು ಹತ್ತಿಸಿ, ಕೊನೆಯದು ಹತ್ತುವ ತನಕ ಯಾವುದನ್ನೂ ಬಿಗಿಯಬೇಡಿ. ಸ್ವಲ್ಪ ಎಳೆಯಬೇಕು ಅನ್ನಿಸಿದರೆ ಕೂದಲು ಒಣಗಿಸುವ ಡ್ರೈಯರಿನಿಂದ ಬೆಚ್ಚಗೆ ಮಾಡಿ ಒತ್ತಿ. ಹೀಟ್ ಗನ್ ಬೇಡ, ಎಬಿಎಸ್ ಸುಮಾರು 100 ಡಿಗ್ರಿ ದಾಟಿದರೆ ಮೆತ್ತಗಾಗಿ ಸೊಟ್ಟಗಾಗುತ್ತದೆ.

ಒಂದು ಮಾತು ಯಾರೂ ಹೇಳಲ್ಲ. ಬೋಲ್ಟ್ ಸಡಿಲ ಆಗದಿರಲಿ ಅಂತ ಹಾಕುವ ದ್ರವ, ಥ್ರೆಡ್‌ಲಾಕರ್, ಫೇರಿಂಗ್ ಬೋಲ್ಟಿಗೆ ಹಾಕಬೇಡಿ. ಎಬಿಎಸ್‌ಗೆ ತಾಗಿದರೆ ಪ್ಲಾಸ್ಟಿಕ್ ಒಳಗೊಳಗೇ ಸೀಳುತ್ತದೆ. ನಾನು ಹಾಕಿದ್ದೆ. ಸ್ವಲ್ಪ ದಿನಕ್ಕೆ ಬೋಲ್ಟಿನ ಸುತ್ತ ಜೇಡರ ಬಲೆ ತರ ಗೀರು ಬಂದವು, ಆಮೇಲೆ ಲಾಕೇ ಕಳಚಿ ಕೈಗೆ ಬಂತು.

ಎಲ್ಲ ಮುಗಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಕ್ಲಚ್ ಕೇಬಲ್, ಬ್ರೇಕ್ ಲಿವರ್ ಪ್ಯಾನೆಲ್ಲಿಗೆ ತಾಗಬಾರದು. ತಿರುಗಿಸಿದಾಗ ಆಕ್ಸಿಲರೇಟರ್ ತಾನೇ ಏರಬಾರದು.

ಸಿಬಿಆರ್ ಓಡಿಸುವವರು:
ಬಣ್ಣಕ್ಕೆ ಒಂದು ಸೇರಿಸುತ್ತೇನೆ. ಬಣ್ಣದ ಕೋಡ್ ಸೀಟಿನ ಕೆಳಗೆ ಸ್ಟಿಕರಿನಲ್ಲಿ ಇರಬಹುದು, ಹುಡುಕಿ. ಆದರೆ ಕೋಡ್ ಸಿಕ್ಕರೂ ಬಿಸಿಲು ತಿಂದ ಟ್ಯಾಂಕಿಗೆ ಹೊಸ ಬಣ್ಣ ಹೊಂದುವುದಿಲ್ಲ. ಪೇಂಟರ್ ಹತ್ತಿರ ಟ್ಯಾಂಕ್ ಅಥವಾ ಹಳೇ ಪ್ಯಾನೆಲ್ ಒಯ್ದು ತೋರಿಸಿ. ಪರ್ಲ್ ಬಣ್ಣ ಆದರೆ ಇನ್ನೂ ಕಷ್ಟ, ಪದರದ ದಪ್ಪ ಬದಲಾದರೂ ಬಣ್ಣ ಬೇರೆಯೇ ಕಾಣುತ್ತದೆ. ಪೇಂಟಿಗೆ ಮುಂಚೆ ಪ್ಯಾನೆಲ್ಲನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದಿದ್ದರೆ ಬಣ್ಣ ಸಿಪ್ಪೆ ಏಳುತ್ತದೆ.

ಕೇಳಿದವರು:
ಮೂರು ವಾರ ಆಯಿತು, ಹೇಳಿಬಿಡೋಣ ಅಂತ ಬಂದೆ. ಸ್ಟೇ ಹಾಕಿದ ಮೇಲೆ ಎರಡೂ ಕಡೆ ಅಳತೆ ಒಂದೇ ಬಂತು, 1 ಮಿಲಿಮೀಟರ್ ವ್ಯತ್ಯಾಸ. ಪ್ಯಾನೆಲ್ ಬೋಲ್ಟ್ ಎಲ್ಲ ಕೈಯಲ್ಲೇ ಹತ್ತಿದವು. ಕೆಳಗಿನ ಪ್ಯಾನೆಲ್ಲಿಗೆ ಪೇಸ್ಟ್ ಎರಡು ಸಲ ಹಾಕಬೇಕಾಯಿತು, ಮೊದಲ ಸಲ ಒಣಗುವ ಮುಂಚೆಯೇ ಅಲುಗಾಡಿಸಿ ನೋಡಿದ್ದೆ. ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಕ್ಲಚ್ ಕೇಬಲ್ ಮುಂಭಾಗದ ಅಂಚಿಗೆ ಉಜ್ಜುತ್ತಿತ್ತು, ಸ್ಟೇ ಹಿಂದಿನಿಂದ ದಾಟಿಸಿದೆ. ಪೇಂಟರ್ ಮುಂದಿನ ತಿಂಗಳು ಬಾ ಅಂದಿದ್ದಾರೆ. ಸದ್ಯಕ್ಕೆ ಎಡಕ್ಕೆ ನೀಲಿ, ಬಲಕ್ಕೆ ಕಪ್ಪು. ಎರಡು ಬೈಕ್ ಇಟ್ಟಿದ್ದೀಯಾ ಅಂತ ಪಕ್ಕದ ಮನೆಯವರು ಕೇಳಿದರು.