ಪದಚರ್ಚೆ: ಇಂಡಿ, ಆಲ್ಟರ್ನೇಟಿವ್, ಪಂಕ್ – ಕನ್ನಡದಲ್ಲಿ ಏನಂತ ಬರೆಯೋಣ?

ಗೆಳೆಯರಿಗೆ ನಮಸ್ಕಾರ. ಮೈಸೂರಿನಿಂದ ಬರೆಯುತ್ತಿದ್ದೇನೆ.

ನಮ್ಮಕ್ಕನ ಮಗಳು ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದಾಳೆ. ಅವಳೂ ಅವಳ ಗೆಳತಿಯರೂ ಸೇರಿ ಹೊಸ ರಾಕ್ ಆಲ್ಬಂಗಳ ಬಗ್ಗೆ ಕನ್ನಡದಲ್ಲೇ ಬರೆಯುತ್ತಾರೆ. ತಿದ್ದಿಕೊಡುವ ಕೆಲಸ ನನ್ನದು. ಈ ಸಂಗೀತದ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದೇ ಕಡಿಮೆ, ಹಾಗಾಗಿ ಖುಷಿಯಿಂದ ಮಾಡುತ್ತೇನೆ. ಆದರೆ ಪ್ರತಿ ಸಲವೂ ಅದೇ ನಾಲ್ಕೈದು ಪದಗಳ ಹತ್ತಿರ ಬಂದು ನಿಲ್ಲುತ್ತೇವೆ. ನಿಮ್ಮ ಅಭಿಪ್ರಾಯ ಬೇಕು. ಮೊದಲು ನನಗೆ ತೋಚಿದ್ದನ್ನು ಹೇಳುತ್ತೇನೆ.

ಜಾಸ್ತಿ ತೊಂದರೆ ಕೊಡುವುದು ‘ಇಂಡಿ’. ಇಂಡಿಪೆಂಡೆಂಟ್ ಎಂಬುದರ ಮೊಟಕು ರೂಪ ಅದು. ಅದನ್ನು ‘ಸ್ವತಂತ್ರ ಸಂಗೀತ’ ಎಂದು ಬರೆಯುವವರಿದ್ದಾರೆ. ಮೊದಲಿನ ಅರ್ಥಕ್ಕೆ ಅದು ಸರಿಯಾಗಿಯೇ ಒಪ್ಪುತ್ತದೆ. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡದವರು ನಾಲ್ಕು ಹಾಡುಗಳ ಒಂದು ಗ್ರಾಮಫೋನ್ ತಟ್ಟೆ ಹೊರತಂದರು. ಮನೆಯವರ, ಗೆಳೆಯರ ಹತ್ತಿರ ಸಾಲ ಮಾಡಿ ತಾವೇ ಅಚ್ಚು ಹಾಕಿಸಿದ್ದು. 1980ರಲ್ಲಿ ಬ್ರಿಟನ್ನಿನಲ್ಲಿ ಹೆಚ್ಚು ಮಾರಾಟವಾದ ಇಂಡಿ ತಟ್ಟೆಗಳ ಪಟ್ಟಿ ಶುರುವಾದಾಗಲೂ ಲೆಕ್ಕಕ್ಕೆ ಬರುತ್ತಿದ್ದದ್ದು ತಟ್ಟೆ ಅಂಗಡಿಗೆ ಬಂದ ದಾರಿ. ದೊಡ್ಡ ಕಂಪನಿಗಳ ಸರಬರಾಜು ಜಾಲದಿಂದ ಬಂದಿರಬಾರದು, ಅಷ್ಟೇ. ಹಾಡು ಹೇಗಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಪಾಪ್ ಗಾಯಕಿ ಕೈಲಿ ಮಿನೋಗ್ ಅವರ ಕುಣಿತದ ಹಾಡುಗಳೂ ಆ ಪಟ್ಟಿಯಲ್ಲಿದ್ದವು!

1986ರಲ್ಲಿ ಅಲ್ಲಿನ ಎನ್‌ಎಂಇ ಎಂಬ ಸಂಗೀತ ಪತ್ರಿಕೆ 22 ತಂಡಗಳ ಹಾಡು ಸೇರಿಸಿ ‘ಸಿ86’ ಎಂಬ ಕ್ಯಾಸೆಟ್ ತಂದಿತು. ಆ ಹೊತ್ತಿಗೆ ‘ಇಂಡಿ’ ಅಂದರೆ ಕಿವಿಗೆ ಕೇಳುವ ಒಂದು ಬಗೆ ಎಂದಾಗುತ್ತಾ ಬಂದಿತ್ತು. ಕಿಣಿಕಿಣಿ ಗಿಟಾರು, ಅಬ್ಬರವಿಲ್ಲದ ದನಿ, ಹೆಚ್ಚು ನಯ ಮಾಡದ ರೆಕಾರ್ಡಿಂಗು. ಅಲ್ಲಿಂದ ಈಚೆಗೆ ಒಂದೇ ಪದಕ್ಕೆ ಎರಡು ಕೆಲಸ.

ನಮ್ಮ ದೇಶದಲ್ಲಂತೂ ಮೂರನೆಯದೂ ಸೇರಿಕೊಂಡಿದೆ: ಸಿನಿಮಾದ್ದಲ್ಲದ ಹಾಡು. ಮೈಸೂರಿನಲ್ಲೇ ಬೆಳೆದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ 2008ರಲ್ಲಿ ಬಂದಾಗಿನಿಂದ ಅವರನ್ನು ‘ಇಂಡಿ ಕಲಾವಿದ’ ಎಂದು ಕರೆಯುವುದುಂಟು. ಶಿಶುನಾಳ ಷರೀಫರ ಪದವನ್ನು ತುಂಬು ಗಂಟಲಲ್ಲಿ ಹಾಡುವ ಅವರ ಸಂಗೀತಕ್ಕೂ ಆ ಕಿಣಿಕಿಣಿ ಗಿಟಾರಿಗೂ ಏನೂ ನೆಂಟಸ್ತಿಕೆ ಇಲ್ಲ.

ಇದು ಕನ್ನಡಕ್ಕೆ ಹೊಸದೇನಲ್ಲ. ‘ಭಾವಗೀತೆ’ಯನ್ನೇ ನೋಡಿ. ನವೋದಯದ ಕಾಲದಲ್ಲಿ ಅದು ಕವಿತೆಯ ಒಂದು ಪ್ರಕಾರ, ಪುಸ್ತಕದಲ್ಲಿ ಓದುವಂಥದ್ದು. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಹಾಡಿದರು, ಕ್ಯಾಸೆಟ್ಟು ಮನೆಮನೆಗೆ ಬಂತು. ಈಗ ಭಾವಗೀತೆ ಅಂದ ತಕ್ಷಣ ಹಾರ್ಮೋನಿಯಂ, ತಬಲ ಕಿವಿಗೆ ಬರುತ್ತದೆ. ‘ಜಾನಪದ’ದ್ದೂ ಅದೇ ಕತೆ. ಯೂಟ್ಯೂಬಿನಲ್ಲಿ ‘ಜಾನಪದ ಸಾಂಗ್’ ಎಂದು ಬರುವ ಎಷ್ಟೋ ಹಾಡುಗಳಿಗೆ ಬರೆದವರ ಹೆಸರು, ಹಾಡಿದವರ ಫೋಟೊ ಎಲ್ಲಾ ಇರುತ್ತದೆ. ಹೋದ ತಿಂಗಳು ಸ್ಟುಡಿಯೋದಲ್ಲಿ ಹುಟ್ಟಿದ ಹಾಡು, ಆದರೂ ಜಾನಪದ. ಹುಟ್ಟಿದ ರೀತಿಯ ಹೆಸರು ಧಾಟಿಯ ಹೆಸರಾಗಿದೆ. ಹಾಗೆ ನೋಡಿದರೆ, ದೊಡ್ಡ ಕಂಪನಿಗಳ ಹಂಗಿಲ್ಲದೆ ತಾವೇ ಹಾಡಿ ತಾವೇ ಚಾನೆಲ್‌ಗೆ ಹಾಕುವ ಆ ಹುಡುಗರೇ ಹಳೆಯ ಅರ್ಥದಲ್ಲಿ ನಿಜವಾದ ಇಂಡಿ.

ಹಾಗಾಗಿ ನನ್ನ ಸಲಹೆ ಹೀಗಿದೆ. ಧಾಟಿಯ ಮಾತು ಬಂದಾಗ ‘ಇಂಡಿ’ ಎಂದೇ ಇರಲಿ. ಹೊರತಂದ ರೀತಿಯ ಮಾತು ಬಂದಾಗ ಬಿಡಿಸಿ ಹೇಳೋಣ: ‘ತಾವೇ ಹೊರತಂದ ಆಲ್ಬಂ’, ‘ಸಣ್ಣ ಕಂಪನಿಯಿಂದ ಬಂದದ್ದು’. 2024ರಲ್ಲಿ ಸಿಂಡಿ ಲೀ ಹೆಸರಿನಲ್ಲಿ ಬಂದ ‘ಡೈಮಂಡ್ ಜ್ಯುಬಿಲಿ’ಯನ್ನು ತೆಗೆದುಕೊಳ್ಳಿ. ಎರಡು ಗಂಟೆ ಮೀರಿದ, 32 ಹಾಡುಗಳ ಆಲ್ಬಂ. ಮೊದಲು ಸಿಕ್ಕಿದ್ದು ಯೂಟ್ಯೂಬಿನಲ್ಲಿ ಒಂದೇ ಉದ್ದನೆಯ ವಿಡಿಯೊ ಆಗಿ, ಮತ್ತೆ ಒಂದು ಸಾದಾ ವೆಬ್ ಪುಟದಲ್ಲಿ. ಸ್ಪಾಟಿಫೈಗೆ ಹಾಕಲೇ ಇಲ್ಲ. ಇದಕ್ಕೆ ‘ಸ್ವತಂತ್ರ’ ಅನ್ನಲು ನನ್ನ ತಕರಾರಿಲ್ಲ. ವೆಟ್ ಲೆಗ್ ತಂಡದ 2025ರ ‘ಮಾಯಿಶ್ಚರೈಸರ್’ ಧಾಟಿಯಲ್ಲೂ ಇಂಡಿ, ಬಂದದ್ದೂ ಡಾಮಿನೊ ಎಂಬ ಸ್ವತಂತ್ರ ಕಂಪನಿಯಿಂದ. ಅದೇ ವರ್ಷದ ಟರ್ನ್‌ಸ್ಟೈಲ್ ತಂಡದ ‘ನೆವರ್ ಇನಫ್’ ಹಾರ್ಡ್‌ಕೋರ್ ಪಂಕಿನ (ವೇಗದ, ಅಬ್ಬರದ ರಾಕ್) ಬೇರಿನದು, ಆದರೆ ಅದರ ಹಿಂದಿರುವ ರೋಡ್‌ರನ್ನರ್ ಕಂಪನಿ ವಾರ್ನರ್ ಎಂಬ ದೊಡ್ಡ ಕಂಪನಿಗೆ ಸೇರಿದ್ದು. ಮೂರನ್ನೂ ‘ಸ್ವತಂತ್ರ ಸಂಗೀತ’ ಎಂಬ ಒಂದೇ ತಲೆಬರಹದ ಕೆಳಗೆ ಹಾಕಿದರೆ ಓದುವವರಿಗೆ ತಪ್ಪು ಮಾಹಿತಿ ಕೊಟ್ಟಂತೆ ಅಲ್ವಾ?

ಅಕ್ಕನ ಮಗಳ ಆಕ್ಷೇಪ ಇನ್ನೂ ಸರಳ. “ಮಾಮ, ಸ್ವತಂತ್ರ ಸಂಗೀತ ಅಂದ್ರೆ ಆಗಸ್ಟ್ 15ರ ಹಾಡು ಅಂದ್ಕೋತಾರೆ” ಅಂದಳು. ‘ಇಂಡಿ’ಗೂ ತೊಡಕಿದೆ, ಅದೂ ನಿಜ. ವಿಜಯಪುರ ಜಿಲ್ಲೆಯ ಇಂಡಿ ಇದೆ, ಅಲ್ಲಿನ ಲಿಂಬೆ ಹೆಸರುವಾಸಿ. ಪತ್ರಿಕೆಯ ರಾಜಕೀಯ ಪುಟದಲ್ಲಿ ‘ಇಂಡಿ ಕೂಟ’ ಇದೆ. ಬರೀ ‘ಇಂಡಿ ಬ್ಯಾಂಡ್’ ಎಂದು ತಲೆಬರಹ ಕೊಟ್ಟರೆ ಆ ಊರಿನ ಮದುವೆ ಬ್ಯಾಂಡ್ ಎಂದು ಓದಿಕೊಂಡರೆ ತಪ್ಪಿಲ್ಲ. ‘ಇಂಡಿ ರಾಕ್’, ‘ಇಂಡಿ ಪಾಪ್’ ಎಂದು ಜೋಡಿಸಿಯೇ ಬರೆದರೆ ಆ ಗೊಂದಲ ಹೋಗುತ್ತದೆ.

ಇನ್ನು ‘ಆಲ್ಟರ್ನೇಟಿವ್’. ‘ಪರ್ಯಾಯ ರಾಕ್’ ಎಂಬುದು ನನಗೆ ಒಗ್ಗುವುದಿಲ್ಲ. ನಾನು ಹುಟ್ಟಿದ್ದು ಮಂಡ್ಯದ ಕಡೆ. ಅಣೆಕಟ್ಟೆಯಲ್ಲಿ ನೀರು ಕಡಿಮೆಯಾದ ವರ್ಷ ‘ಪರ್ಯಾಯ ಬೆಳೆ ಬೆಳೀರಿ’ ಅಂತಾರೆ. ಕಬ್ಬಿನ ಬದಲು, ಭತ್ತದ ಬದಲು ಎಂದು ಎಲ್ಲರಿಗೂ ಗೊತ್ತು. ಕನ್ನಡದ ‘ಪರ್ಯಾಯ’ಕ್ಕೆ ಹೀಗೆ ಒಂದು ‘ಯಾವುದರ ಬದಲು’ ಬೇಕೇ ಬೇಕು. ಆಲ್ಟರ್ನೇಟಿವ್ ರಾಕಿಗೂ ಮೊದಲು ಅದು ಇತ್ತು, ರೇಡಿಯೋದಲ್ಲಿ ದಿನಾ ಬರುವ ಹಾಡುಗಳ ಬದಲು. 1991ರ ಸೆಪ್ಟೆಂಬರಿನಲ್ಲಿ ನಿರ್ವಾಣ ತಂಡದ ‘ನೆವರ್‌ಮೈಂಡ್’ ಗೆಫನ್ ಎಂಬ ದೊಡ್ಡ ಕಂಪನಿಯಿಂದ ಬಂತು, ಸ್ವಲ್ಪ ದಿನಕ್ಕೇ ಮಾರಾಟದ ಪಟ್ಟಿಯ ತುದಿಗೂ ಹೋಯಿತು. ಅದೇ ವರ್ಷ ಗ್ರ್ಯಾಮಿ ಪ್ರಶಸ್ತಿಯಲ್ಲೂ ಆಲ್ಟರ್ನೇಟಿವ್ ಎಂಬ ವಿಭಾಗ ಶುರುವಾಯಿತು. ಆಮೇಲೆ ಅದು ಬರೀ ಹೆಸರು. 2024ರಲ್ಲಿ ದಿ ಕ್ಯೂರ್ ತಂಡ 16 ವರ್ಷ ಬಿಟ್ಟು ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ತಂದಿತು. ನಿಧಾನದ, ಸಾವಿನ ಯೋಚನೆ ತುಂಬಿದ, ಬಹಳ ಒಳ್ಳೆಯ ಆಲ್ಬಂ, ಸಿಕ್ಕರೆ ಕೇಳಿ. 1979ರಿಂದ ಆಲ್ಬಂ ತರುತ್ತಿರುವವರನ್ನು ಈಗ ಯಾವುದಕ್ಕೆ ಪರ್ಯಾಯ ಅನ್ನೋಣ? ‘ಆಲ್ಟರ್ನೇಟಿವ್ ರಾಕ್’ ಉದ್ದವಾಯಿತು, ಒಪ್ಪುತ್ತೇನೆ. ಹುಡುಗರು ‘ಆಲ್ಟ್ ರಾಕ್’ ಅಂತಾರೆ. ಅದೇ ಸಾಕು.

ಪಂಕ್ ಪದವನ್ನು ಅನುವಾದ ಮಾಡಲು ಹೋಗುವುದೇ ಬೇಡ. ಶೇಕ್ಸ್‌ಪಿಯರನ ಕಾಲದಲ್ಲಿ ಅದಕ್ಕೆ ಸೂಳೆ ಎಂಬ ಅರ್ಥ, ಆಮೇಲೆ ಪುಂಡ, ಕೆಲಸಕ್ಕೆ ಬಾರದವನು. ಆ ಬೈಗುಳವನ್ನೇ ಹೆಸರು ಮಾಡಿಕೊಂಡ ಸಂಗೀತ ಅದು. ನನ್ನ ಪ್ರಶ್ನೆ ವಿಭಕ್ತಿಯದು. ಒಂದು ಕರಡಿನಲ್ಲಿ ‘ಪಂಕದ ಆರ್ಭಟ’ ಎಂದಿತ್ತು. ಪಂಕ ಅಂದರೆ ಕೆಸರು. ‘ಪಂಕ್‌ನ’ ಎಂದು ಬರೆದರೆ ಕೆಲವು ಫೋನುಗಳಲ್ಲಿ ನಕಾರ ಒತ್ತಾಗಿ ಕೂತು ‘ಪಂಕ್ನ’ ಆಗುತ್ತದೆ. ಬ್ಯಾಂಕು, ಬ್ಯಾಂಕಿನ, ಬ್ಯಾಂಕಿಗೆ ಎಂದು ನಾವು ಸಲೀಸಾಗಿ ಅನ್ನುತ್ತೇವಲ್ಲ, ಹಾಗೇ ಪಂಕು, ಪಂಕಿನ, ಪಂಕಿಗೆ ಎಂದರೆ ಏನು ತೊಂದರೆ? ಮೇಲೆ ‘ಪಂಕಿನ’, ‘ರಾಕಿಗೂ’ ಎಂದು ಬೇಕೆಂದೇ ಬರೆದಿದ್ದೇನೆ. ಓದುವಾಗ ಕಿರಿಕಿರಿ ಆಯಿತೇ ಹೇಳಿ.

ಹೊಸ ಪದ ಕಟ್ಟಲೇಬಾರದು ಎಂಬುದು ನನ್ನ ವಾದವಲ್ಲ. 1935ರಲ್ಲಿ ಇದೇ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲಿ ಶುರು ಮಾಡಿದ ರೇಡಿಯೋ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರನ್ನು ಆಮೇಲೆ ದೇಶವೇ ತೆಗೆದುಕೊಂಡಿತು. ಕೇಳಿದ ಕೂಡಲೇ ವಸ್ತು ಯಾವುದೆಂದು ತಿಳಿಯುವ ಪದ ಅದು. ‘ಪರ್ಯಾಯ ರಾಕ್’ ಕೇಳಿದರೆ ಹಾಗೆ ಏನೂ ತಿಳಿಯುವುದಿಲ್ಲ.

ಇಪಿ (ಕೆಲವೇ ಹಾಡಿನ ತಟ್ಟೆ), ಎಲ್‌ಪಿ (ಪೂರ್ತಿ ಆಲ್ಬಮ್ಮಿನ ತಟ್ಟೆ) ಎರಡನ್ನೂ ಹಾಗೇ ಬಿಡೋಣ. ಅರವತ್ತು, ಎಪ್ಪತ್ತರ ದಶಕದ ಸಿನಿಮಾ ಹಾಡಿನ ತಟ್ಟೆ ಕೊಂಡವರಿಗೆಲ್ಲ ಇಪಿ ಗೊತ್ತು. ‘ರಿಲೀಸ್’ಗೆ ‘ಬಿಡುಗಡೆ’ ಇದ್ದೇ ಇದೆ, ಆದರೆ ‘ಬಿಡುಗಡೆಗೊಂಡಿದೆ’ ಬೇಡ, ‘ಬಿಡುಗಡೆಯಾಗಿದೆ’ ಸಾಕು. ಮಾತಿನಲ್ಲಿ ‘ಹೊಸ ಸಾಂಗ್ ಬಿಟ್ಟಿದಾರೆ’ ಅನ್ನುತ್ತೇವೆ. ‘ನಾಲೆಗೆ ನೀರು ಬಿಟ್ಟರು’ ಎಂಬಲ್ಲಿರುವ ಅದೇ ‘ಬಿಡು’. ಬರಹದಲ್ಲಿ ‘ಫಾಂಟೇನ್ಸ್ ಡಿಸಿ ತಂಡ ಹೊಸ ಆಲ್ಬಂ ಬಿಟ್ಟಿದೆ’ ಎಂದರೆ ಹಗುರ ಅನ್ನಿಸುತ್ತದೆಯೇ, ಅಥವಾ ಆಲ್ಬಂ ಕೈಬಿಟ್ಟರು ಎಂಬ ಅರ್ಥ ಬಂದುಬಿಡುತ್ತದೆಯೇ? ಇದೊಂದು ನನಗೆ ಬಗೆಹರಿದಿಲ್ಲ. ಮಂಗಳೂರು, ಧಾರವಾಡ, ಕಲಬುರಗಿ ಕಡೆಯವರು ನಿಮ್ಮಲ್ಲಿ ಹೊಸ ಹಾಡು ಬಂದಾಗ ಯಾವ ಕ್ರಿಯಾಪದ ಬಳಸುತ್ತೀರಿ ಎಂದು ದಯವಿಟ್ಟು ಬರೆಯಿರಿ. ‘ಪಂಕಿನ’ ಎಂಬುದಕ್ಕೆ ವಿರೋಧವಿದ್ದರೆ ಅದನ್ನೂ ತಿಳಿಸಿ.