ಹೊರಗಿನ ಸೆನ್ಸರ್ 44 ಡಿಗ್ರಿ ತೋರಿಸ್ತಿದೆ, ರೇಷ್ಮೆ ಹುಳು ಮನೆ ಫ್ಯಾನ್ ಹಗಲಲ್ಲಿ ಓಡೋದೇ ಇಲ್ಲ

ಹಿಪ್ಪುನೇರಳೆ:
ಶಿಡ್ಲಘಟ್ಟ ತಾಲ್ಲೂಕು. ಹುಳು ಮನೆ 40 ಅಡಿ ಉದ್ದ, 20 ಅಡಿ ಅಗಲ, ಮೇಲೆ ಸಿಮೆಂಟ್ ಶೀಟು. ಇಎಸ್‌ಪಿ32 ಬೋರ್ಡು (ಫ್ಯಾನ್ ನಡೆಸುವ ಪುಟ್ಟ ಕಂಪ್ಯೂಟರ್), ಬಿಸಿ ಅಳೆಯುವ ಡಿಎಸ್18ಬಿ20 ಸೆನ್ಸರ್ ಎರಡು. ಒಂದನ್ನು ಹೊರಗೆ ಶೀಟಿನ ಅಂಚಿನ ಪೈಪಿಗೆ ಕಟ್ಟಿದೆ, ಇನ್ನೊಂದು ಒಳಗೆ ಶೀಟಿನಿಂದ ಒಂದಡಿ ಕೆಳಗೆ ತೂಗಾಡುತ್ತಿದೆ. ಹೊರಗೆ ತಂಪಾಗಿದ್ದರೆ ಮಾತ್ರ ಎಕ್ಸಾಸ್ಟ್ ಫ್ಯಾನ್ ಓಡಲಿ ಅಂತ ಕೋಡ್. ಹೊರಗಿನದು 12:30ರ ಆಸುಪಾಸು 44 ಮುಟ್ಟುತ್ತೆ, 3 ಗಂಟೆಗೆ 39ಕ್ಕೆ ಇಳಿಯುತ್ತೆ. ಒಳಗಿನದು 41. ಹುಳು ಮೇಯುವ ಹಾಸಿಗೆ ಹತ್ತಿರ ಇಟ್ಟ ಪಾದರಸದ ಥರ್ಮಾಮೀಟರ್ ಮಾತ್ರ 32. ಆಗಾಗ 85 ಅಂತಾನೂ ಬರುತ್ತೆ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವುದು) ಎದ್ದು ಐದನೇ ಹಂತಕ್ಕೆ ಬಂದಿವೆ, ಯಾವುದನ್ನ ನಂಬಲಿ?

ಬೆಸುಗೆ_ಕಡ್ಡಿ:
85 ಬಿಸಿಯ ಲೆಕ್ಕ ಅಲ್ಲ. ಕರೆಂಟ್ ಬಂದ ಕೂಡಲೇ ಸೆನ್ಸರ್ ಚಿಪ್ಪಿನ ಒಳಗೆ ಕೂತಿರುವ ಸಂಖ್ಯೆಯೇ 85. 12 ಬಿಟ್‌ನಲ್ಲಿ (ಅತಿ ಸೂಕ್ಷ್ಮ ಮಟ್ಟ) ಅಳೆಯಲು ಅದಕ್ಕೆ 750 ಮಿಲಿಸೆಕೆಂಡ್ ಬೇಕು, ಅದಕ್ಕೂ ಮೊದಲೇ ಓದಿದರೆ 85 ಕೊಡುತ್ತೆ. ವೈರು ಉದ್ದವಾಗಿ ವೋಲ್ಟೇಜ್ ಕುಸಿದು ಚಿಪ್ಪು ಮತ್ತೆ ಶುರುವಾದರೂ ಅದೇ. ಪವರ್, ಗ್ರೌಂಡ್, ಡೇಟಾ ಮೂರಕ್ಕೂ ಬೇರೆ ಬೇರೆ ವೈರು ಹಾಕಿ, ಡೇಟಾ ವೈರಿಗೂ 3.3 ವೋಲ್ಟಿಗೂ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಇದೆಯಾ ನೋಡಿ. -127 ಬಂದರೆ ವೈರು ಬಿಟ್ಟುಕೊಂಡಿದೆ ಅಂತ.

ಆಮೇಲೆ ಎರಡೂ ಸೆನ್ಸರನ್ನು ಪುಡಿ ಐಸ್ ತುಂಬಿ ಸ್ವಲ್ಪ ನೀರು ಹಾಕಿದ ಲೋಟದಲ್ಲಿ ಅದ್ದಿ, ಕಲಕುತ್ತಾ 5 ನಿಮಿಷ ಬಿಡಿ. 0ಕ್ಕೆ ಅರ್ಧ ಡಿಗ್ರಿ ಆಚೀಚೆ ನಿಂತರೆ ಸೆನ್ಸರ್ ಚೆನ್ನಾಗಿದೆ, ಕಟ್ಟಿದ ಜಾಗ ತಪ್ಪು.

ಹಿಪ್ಪುನೇರಳೆ:
ರೆಸಿಸ್ಟರ್ ಇರಲೇ ಇಲ್ಲ ಸರ್, ಹಾಕಿದ ಮೇಲೆ 85 ನಿಂತಿದೆ. ಐಸಿನಲ್ಲಿ ಒಂದು 0.2, ಇನ್ನೊಂದು 0.4.

ಬಯಲುಸೀಮೆ_ಹವೆ:
ಹಾಗಾದರೆ ಕಾರಣ ನಿಮ್ಮ ಮೊದಲ ಸಾಲಿನಲ್ಲೇ ಇದೆ. 12:30ಕ್ಕೆ ಅತಿ ಹೆಚ್ಚು, 3ಕ್ಕೆ ಇಳಿತ ಅಂದಿರಿ. ಗಾಳಿ ಹಾಗೆ ಬಿಸಿಯಾಗುವುದಿಲ್ಲ.

ಸೂರ್ಯನಿಂದ ಬರುವ ಶಕ್ತಿಯನ್ನು 100 ಪಾಲು ಅಂದುಕೊಳ್ಳಿ. ಭೂಮಿಯ ಸರಾಸರಿ ಲೆಕ್ಕದಲ್ಲಿ ಸುಮಾರು 29 ಪಾಲು ಮೋಡ, ಧೂಳು, ನೆಲಕ್ಕೆ ಬಡಿದು ಆಕಾಶಕ್ಕೆ ವಾಪಸ್ ಹೋಗುತ್ತೆ. ವಾತಾವರಣ ನೇರವಾಗಿ ಹೀರುವುದು 23, ನೆಲ ಮತ್ತು ನೀರು ಹೀರುವುದು 48. ಅಂದರೆ ಮೊದಲು ಕಾಯುವುದು ನೆಲ. ನೆಲಕ್ಕೆ ತಾಗಿದ ಗಾಳಿ ಕಾದು ಮೇಲೇಳುತ್ತೆ, ನೆಲ ಹೊರಸೂಸುವ ಶಾಖವನ್ನು ನೀರಾವಿ, ಇಂಗಾಲದ ಡೈಆಕ್ಸೈಡ್ ಹೀರುತ್ತವೆ. ಗಾಳಿಗೆ ಬಿಸಿ ಕೆಳಗಿನಿಂದ ಏರುತ್ತೆ. ನಂದಿ ಬೆಟ್ಟ ಚಿಕ್ಕಬಳ್ಳಾಪುರದ ಬಯಲಿಗಿಂತ ಅರ್ಧ ಕಿಲೋಮೀಟರಿನಷ್ಟು ಎತ್ತರದಲ್ಲಿದ್ದೂ ಮೂರ್ನಾಲ್ಕು ಡಿಗ್ರಿ ತಂಪಾಗಿರುವುದು ಇದೇ ಕಾರಣಕ್ಕೆ. ನಮ್ಮ ಕಡೆ ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಗೆ ಬರುವುದು ಗಡಿಯಾರದಲ್ಲಿ 12:17ಕ್ಕೆ. ಗಾಳಿಯ ಬಿಸಿ ತುದಿ ಮುಟ್ಟುವುದು 2:30ರಿಂದ 3:30ರೊಳಗೆ, ಯಾಕೆಂದರೆ ಅಲ್ಲಿಯವರೆಗೂ ನೆಲದಿಂದ ಹೋಗುವ ಶಾಖಕ್ಕಿಂತ ನೆಲಕ್ಕೆ ಬರುವುದೇ ಜಾಸ್ತಿ. ನಿಮ್ಮ ಸೆನ್ಸರ್ ಸೂರ್ಯನ ಜೊತೆ ಏರಿಳಿಯುತ್ತಿದೆ. ಅದು ಅಳೆಯುತ್ತಿರುವುದು ಬಿಸಿಲಿಗೆ ಕಾದ ತನ್ನದೇ ಸ್ಟೀಲ್ ಕೊಳವೆಯನ್ನ. ಒಂದು ಮೋಡ ಅಡ್ಡ ಬಂದಾಗ ನೋಡಿ, ಐದು ನಿಮಿಷದಲ್ಲಿ ನಾಲ್ಕು ಡಿಗ್ರಿ ಬಿದ್ದರೆ ಖಾತ್ರಿ.

ಪರಿಹಾರ: ಹೂಕುಂಡದ ಕೆಳಗಿಡುವ ಬಿಳಿ ಪ್ಲಾಸ್ಟಿಕ್ ತಟ್ಟೆ, 6ರಿಂದ 8 ಇಂಚಿನವು, ಏಳು. ಮೇಲಿನದು ಬಿಟ್ಟು ಉಳಿದವುಗಳ ನಟ್ಟನಡುವೆ 3 ಇಂಚಿನ ತೂತು ಕೊರೆಯಿರಿ. ಸ್ಕ್ರೂ ಮರೆ ಇರುವ ಮೂರು ರಾಡಿಗೆ ಪೋಣಿಸಿ ತಟ್ಟೆಯಿಂದ ತಟ್ಟೆಗೆ 2 ಸೆಂಟಿಮೀಟರ್ ಅಂತರ ಬಿಡಿ. ಎಲ್ಲವೂ ಬೋರಲು. ಸೆನ್ಸರ್ ನಡುವೆ ತೂಗಬೇಕು, ತಟ್ಟೆಗೆ ತಾಗಬಾರದು. ಶೀಟು, ಗೋಡೆಯಿಂದ ದೂರ, ಮಣ್ಣು ಅಥವಾ ಹುಲ್ಲಿನ ಮೇಲೆ 5 ಅಡಿ ಎತ್ತರಕ್ಕೆ ನಿಲ್ಲಿಸಿ. ಮುಚ್ಚಿದ ಡಬ್ಬಿ ಬೇಡ, ಒಳಗಿನ ಗಾಳಿ ಅಲ್ಲೇ ಬೇಯುತ್ತೆ. ಬಾಗಿಲು ಉತ್ತರಕ್ಕಿರುವ ಮರದ ಪೆಟ್ಟಿಗೆಯೂ ಆಗುತ್ತೆ, ಆದರೆ ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ಇರುತ್ತಾನೆ. ಸುತ್ತಲೂ ನೆರಳು ಕೊಡುವ ತಟ್ಟೆಯೇ ನನಗೆ ಮೇಲು.

ಹಿಪ್ಪುನೇರಳೆ:
ತಟ್ಟೆ ಕಟ್ಟಿದೆ. ಈಗ 3 ಗಂಟೆಗೆ 35, ಅದೇ ದಿನದ ಗರಿಷ್ಠ. ಆದರೆ ಒಳಗೆ ಶೀಟಿನ ಕೆಳಗೆ ಇನ್ನೂ 40. ಅದೂ ಸುಳ್ಳಾ?

ಬಯಲುಸೀಮೆ_ಹವೆ:
ಅದು ಸುಳ್ಳಲ್ಲ, ಹುಳುವಿಗೆ ಸಂಬಂಧಿಸಿದ ಸಂಖ್ಯೆ ಅಲ್ಲ ಅಷ್ಟೆ. ಹಳೇ ಬೂದು ಶೀಟು ಬಿಸಿಲಿನ ಬಹುಪಾಲು ಹೀರುತ್ತೆ. ಅದು 57 ಡಿಗ್ರಿಗೆ ಕಾದರೆ, 27ರ ಶೀಟಿಗಿಂತ ಚದರ ಮೀಟರಿಗೆ ಸುಮಾರು 200 ವಾಟ್ ಹೆಚ್ಚು ಶಾಖವನ್ನು ಕೆಳಕ್ಕೆ ಸೂಸುತ್ತೆ. ಮೇಲಿನ ಅಟ್ಟಣಿಗೆಯ ಹುಳುಗಳಿಗೆ ಅದು ನೇರ ತಗಲುತ್ತೆ. ಸೆನ್ಸರನ್ನು ನಡುವಿನ ಅಟ್ಟಣಿಗೆಗೆ ಇಳಿಸಿ, ಹಾಸಿಗೆಯಿಂದ ಒಂದು ಗೇಣು ಮೇಲಿರಲಿ.

ಶೀಟಿನ ಮೇಲೆ ಅಂಟು ಬೆರೆಸಿದ ಸುಣ್ಣ ತೆಳ್ಳಗೆ ಎರಡು ಕೈ ಬಳಿಯಿರಿ, ಮಳೆಗೆ ತೊಳೆದುಹೋದರೆ ಮತ್ತೆ ಬಳಿಯಬೇಕು. ಇನ್ನೂ ಒಳ್ಳೆಯದು ತೆಂಗಿನ ಗರಿ, ಆದರೆ ಬಿದಿರು ಅಡ್ಡ ಹಾಕಿ ಶೀಟಿಗೂ ಗರಿಗೂ ನಡುವೆ ಗಾಳಿ ಆಡುವಷ್ಟು ಜಾಗ ಬಿಡಿ.

ಚಂದ್ರಿಕೆ:
ತಂಪಿಗೆ ಅಂತ ಕಿಟಕಿಗೆ ಒದ್ದೆ ಗೋಣಿ ಕಟ್ಟುವ ಮುಂಚೆ ಯೋಚಿಸಿ. ಐದನೇ ಹಂತಕ್ಕೆ ತೇವಾಂಶ ಶೇ. 65ರಿಂದ 70 ಸಾಕು, ಬಿಸಿ 24-25. ಹಾಸಿಗೆ ಒದ್ದೆಯಾದರೆ ರೋಗ ಬರುತ್ತೆ. ಶೀಟಿನ ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಕಿಂಡಿ ಬಿಟ್ಟರೆ ಅದಕ್ಕೂ ಊಜಿ ನೊಣದ (ಹುಳುವಿನ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ನೊಣ) ಬಲೆ ಹೊಡೆಯಿರಿ. ಬಲೆಯಲ್ಲಿ ಗಾಳಿ ಕಮ್ಮಿ ಆಡುತ್ತೆ, ಕಿಂಡಿ ದೊಡ್ಡದೇ ಇರಲಿ.

ಬೆಸುಗೆ_ಕಡ್ಡಿ:
ಕೋಡಿನಲ್ಲಿ ಹೀಗೆ ಬರೆಯಿರಿ: ಹಾಸಿಗೆಯ ಸೆನ್ಸರ್ 26 ದಾಟಿರಬೇಕು, ಹೊರಗೆ ಅದಕ್ಕಿಂತ 1 ಡಿಗ್ರಿಯಾದರೂ ಕಡಿಮೆ ಇರಬೇಕು, ಆಗ ಫ್ಯಾನ್ ಓಡಲಿ. ಅಂತರ 0.3ಕ್ಕೆ ಇಳಿದಾಗ ಅಥವಾ ಹಾಸಿಗೆ 25ಕ್ಕೆ ಬಂದಾಗ ನಿಲ್ಲಲಿ. ಆನ್‌ಗೂ ಆಫ್‌ಗೂ ಒಂದೇ ಸಂಖ್ಯೆ ಕೊಟ್ಟರೆ ಫ್ಯಾನಿನ ಸ್ವಿಚ್ ಆದ ರಿಲೇ ಟಕಟಕ ಅಂತ ಬಡಿದು ಬೇಗ ಸುಡುತ್ತೆ. ಹೊರಗಿನ ಗಾಳಿ ಅತಿ ತಂಪಾಗಿರುವುದು ಸೂರ್ಯ ಹುಟ್ಟುವ ಹೊತ್ತಿಗೆ, ರಾತ್ರಿಯಿಡೀ ನೆಲ ಆಕಾಶಕ್ಕೆ ಬಿಸಿ ಬಿಟ್ಟಿರುತ್ತೆ. ಹಾಗಾಗಿ ಈ ಕೋಡಿನಲ್ಲಿ ಫ್ಯಾನ್ ಹೆಚ್ಚು ಓಡುವುದು ರಾತ್ರಿ ಮತ್ತು ಬೆಳಗಿನ ಜಾವ. 9 ಗಂಟೆಯ ಮೇಲೆ ಬಿಸಿಲು ಬೀಳುವ ಕಡೆಯ ಕಿಟಕಿ ಮುಚ್ಚಿ.