‘ಆಕ್ರಮಣಕಾರಿ ಮೀನು’: ಹಾಯುವುದೋ, ಕಾಯುವುದೋ?

ಬಲ್ಲವರ ಮುಂದೆ ಒಂದು ಪದದ ತಕರಾರು ಇಡುತ್ತಿದ್ದೇನೆ.

ಕುಶಾಲನಗರದಲ್ಲಿ ನನ್ನ ಸೋದರಳಿಯ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದಾನೆ. ಗಾಜಿನ ತೊಟ್ಟಿಗಳ ಮೇಲೆ ಕನ್ನಡದಲ್ಲೇ ಚೀಟಿ ಅಂಟಿಸಬೇಕೆಂಬ ಹುರುಪು ಅವನದು. ಕನ್ನಡ ಮೇಷ್ಟ್ರಾಗಿ ನಿವೃತ್ತನಾದ ತಪ್ಪಿಗೆ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಗಪ್ಪಿ, ಮೋಲಿ, ಗೌರಾಮಿಗಳದ್ದು ಸಲೀಸಾಗಿ ಮುಗಿಯಿತು. ಸಿಕ್ಲಿಡ್ ಎಂಬ ಮೀನಿನ ಬಳಗದ ಸಾಲಿಗೆ ಬಂದಾಗ ಪೆನ್ನು ನಿಂತಿತು. (ಗಿರಾಕಿಗಳಲ್ಲಿ ಅರ್ಧ ಜನ ‘ಚಿಕ್ಲಿಡ್’ ಎನ್ನುತ್ತಾರೆ. ಆ ಜಗಳ ಇನ್ನೊಂದು ದಿನಕ್ಕಿರಲಿ.)

ಮೊದಲು ‘ಆಕ್ರಮಣಕಾರಿ ಮೀನು, ಬೇರೆಯವುಗಳ ಜೊತೆ ಬಿಡಬೇಡಿ’ ಎಂದು ಬರೆದೆ. ವಾರದೊಳಗೆ ಸುಂಟಿಕೊಪ್ಪ ಕಡೆಯ ಕಾಫಿ ತೋಟದ ಲೆಕ್ಕ-ಮೇಲ್ವಿಚಾರಣೆ ನೋಡುವ ರೈಟರೊಬ್ಬರು ಅದನ್ನು ಓದಿ, “ಇದನ್ನ ಮಾರೋದು ತಪ್ಪಲ್ವೇನಪ್ಪಾ? ಹೊಳೆಗೆ ಬಿದ್ರೆ ಹಬ್ಬಿಬಿಡುತ್ತಂತಲ್ಲ” ಎಂದರಂತೆ. ಅವರದ್ದೇನೂ ತಪ್ಪಿಲ್ಲ. ಲಂಟಾನ, ಆಫ್ರಿಕನ್ ಕ್ಯಾಟ್‌ಫಿಶ್ ಎಲ್ಲವೂ ಪತ್ರಿಕೆಗಳಲ್ಲಿ ‘ಆಕ್ರಮಣಕಾರಿ ಪ್ರಭೇದ’ವೇ. ಹೊರಗಿನಿಂದ ಬಂದು ನೆಲ ನೀರನ್ನು ಆವರಿಸಿಕೊಳ್ಳುವುದು ಒಂದು ಗುಣ, ಪಕ್ಕದ ಮೀನಿನ ಬಾಲ ಹರಿಯುವುದು ಬೇರೆಯೇ ಗುಣ. ಎರಡಕ್ಕೂ ಒಂದೇ ಅಂಗಿ ತೊಡಿಸಿಬಿಟ್ಟಿದ್ದೇವೆ. ಸಂತೆಯಲ್ಲಿ ಜಿಲೇಬಿ ಅಂತ ಮಾರುವ ತಿಲಾಪಿಯ ಕೂಡ ಸಿಕ್ಲಿಡ್ ಬಳಗದ್ದು, 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು. ಅದಕ್ಕೆ ಆ ಪದ ಎರಡು ಅರ್ಥದಲ್ಲೂ ಸಲ್ಲಬಹುದು. ಕೇರಳದ ಕರಿಮೀನೂ ಅದೇ ಬಳಗ, ಆದರೆ ಅದು ಇಲ್ಲಿನ ನೀರಿನದೇ.

ಸಂಸ್ಕೃತದ ‘ಕ್ರಮ್’ ಅಂದರೆ ಹೆಜ್ಜೆಯಿಡು. ಹಾಗಾಗಿ ಆಕ್ರಮಣ ಅಂದರೆ ಇನ್ನೊಬ್ಬರ ಮೇಲೆ ಕಾಲಿಟ್ಟು ಹೋಗುವುದು. ಈ ಮೀನುಗಳಲ್ಲಿ ಹೆಚ್ಚಿನವು ಹಾಗೆ ದಂಡೆತ್ತಿ ಹೋಗುವವಲ್ಲ. ತನ್ನದೆಂದುಕೊಂಡ ಜಾಗಕ್ಕೆ ಯಾರೋ ಬಂದರೆಂದು ಸಿಟ್ಟಿಗೇಳುತ್ತವೆ. ಅವುಗಳ ಕಣ್ಣಲ್ಲಿ ಒತ್ತುವರಿದಾರ ಎದುರಿನವನು!

ಅಳಿಯನ ಮನೆಯ ಮೂರಡಿ ತೊಟ್ಟಿಯಲ್ಲಿ ಇದನ್ನು ಕಣ್ಣಾರೆ ನೋಡಿದೆ. ಮಧ್ಯ ಅಮೆರಿಕದ ‘ಕನ್ವಿಕ್ಟ್’ ಸಿಕ್ಲಿಡ್ ಜೋಡಿಯೊಂದು ಗೌರಾಮಿಗಳ ಜೊತೆ ತಿಂಗಳುಗಟ್ಟಲೆ ತೆಪ್ಪಗಿತ್ತು. (ಮೈಮೇಲೆ ಕರಿಪಟ್ಟೆ ಇರುವುದಕ್ಕೆ ಆ ಹೆಸರು. ‘ಖೈದಿ ಮೀನು’ ಎಂದು ಬರೆಯಲು ನನಗೆ ಮನಸ್ಸಾಗಲಿಲ್ಲ.) ಒಂದು ದಿನ ಎರಡೂ ಬಾಯಲ್ಲಿ ಜಲ್ಲಿ ಕಚ್ಚಿ ಕಚ್ಚಿ ಆಚೆ ಉಗುಳಿ, ಕಲ್ಲಿನ ಬುಡದಲ್ಲಿ ಗುಂಡಿ ತೋಡಿದವು. ನೋಡುತ್ತಿದ್ದ ನನಗೆ ನೆನಪಾದದ್ದು ಕಡಂಗ. ಹಿಂದೆ ಕೊಡಗಿನಲ್ಲಿ ನಾಡು ನಾಡುಗಳ ಎಲ್ಲೆಗೆ, ಹಗೆಯನ್ನು ತಡೆಯುವುದಕ್ಕೆ ತೋಡುತ್ತಿದ್ದ ಆಳದ ಅಗಳು ಅದು. ವಿರಾಜಪೇಟೆ ಕಡೆ ಒಂದು ಊರಿಗೇ ಆ ಹೆಸರಿದೆ. ಮೊಟ್ಟೆ ಇಟ್ಟ ಮೇಲಂತೂ ತೊಟ್ಟಿಯ ಮುಕ್ಕಾಲು ಪಾಲು ಅವುಗಳದ್ದಾಯಿತು. ಗೌರಾಮಿಗಳು ಮೇಲಿನ ಮೂಲೆಯಲ್ಲಿ, ಫಿಲ್ಟರಿನ ಮರೆಯಲ್ಲಿ, ಬಾಡಿಗೆ ಬಾಕಿ ಇಟ್ಟವರ ಹಾಗೆ ನಿಂತವು. ಮರಿಗಳು ಈಜುವಂತಾದ ಮೇಲೂ ಅಪ್ಪ ಅಮ್ಮ ಎರಡೂ ಜೊತೆಬಿಡದೆ ಸುತ್ತುತ್ತಿದ್ದವು. ಕೊನೆಗೆ ಗೌರಾಮಿಗಳನ್ನೇ ಬೇರೆ ಮಾಡಬೇಕಾಯಿತು.

ಇದಕ್ಕೆ ಹಟ್ಟಿಯ ಕನ್ನಡದಲ್ಲಿ ಏನನ್ನುತ್ತೇವೆ? ಕೊಂಬು ಬೀಸುವ ಎತ್ತಿಗೆ ‘ಹಾಯುತ್ತದೆ, ಹತ್ತಿರ ಹೋಗಬೇಡ’ ಎನ್ನುತ್ತೇವೆ. ‘ಹಾಯುವ ಮೀನು’ ಕಿವಿಗೆ ಚೆನ್ನಾಗಿದೆ, ಆದರೆ ಕೊಂಬಿಲ್ಲ. ‘ಹೊಳೆ ಹಾಯು’ ಅನ್ನುವಾಗ ದಾಟುವ ಅರ್ಥವೂ ನಡುವೆ ಬಂದು ಕೂರುತ್ತದೆ. ನನ್ನ ಮನಸ್ಸು ನಿಂತದ್ದು ‘ಕಾಯು’ವಿನ ಮೇಲೆ. ಕನ್ನಡದಲ್ಲಿ ಕಾಯುವುದು ಎರಡು: ಕಾವಲಿಗೆ ನಿಲ್ಲುವುದು ಒಂದು, ಬಿಸಿಯಾಗುವುದು ಇನ್ನೊಂದು. ಬೇರು ಬೇರೆಬೇರೆಯಾದರೂ ಈ ಮೀನಿನಲ್ಲಿ ಎರಡೂ ಒಟ್ಟಿಗಿವೆ. ಅಳಿಯನಿಗೆ ಹೇಳಿದೆ. “ಮಾವ, ‘ಕಾಯುವ ಮೀನು’ ಅಂದ್ರೆ ಬಸ್ಸಿಗೆ ಕಾಯ್ತಿದೆಯಾ ಅಂತ ಕೇಳ್ತಾರೆ” ಎಂದ. ‘ಎಲ್ಲೆಗಾವಲಿನ ಮೀನು’ ಅಂದೆ. ಸೈನ್ಯದವರ ಊರಿದು, ತಮಾಷೆ ಮಾಡುತ್ತಾರೆ ಎಂದ.

ಉಳಿದ ಸಿಕ್ಲಿಡ್‌ಗಳಿಗೆ ಇಷ್ಟು ತಲೆಬಿಸಿ ಇಲ್ಲ. ಫ್ಲವರ್‌ಹಾರ್ನ್ ಗಾಜಿನಾಚೆಯ ಬೆರಳಿನ ಮೇಲೂ ಎಗರುತ್ತದೆ, ಅದಕ್ಕೆ ‘ಪುಂಡ’ ಸಾಕು. ಪುಂಡಾನೆಯ ಸುದ್ದಿ ಓದಿ ಓದಿ ನಮ್ಮ ಜಿಲ್ಲೆಯವರಿಗೆ ಆ ಪದದ ತೂಕ ಗೊತ್ತು. ಒಂದಡಿ ಬೆಳೆಯುವ ಆಸ್ಕರ್ ಪುಟ್ಟ ನಿಯಾನ್ ಟೆಟ್ರಾವನ್ನು ಗುಳುಂ ಮಾಡುವುದರಲ್ಲಿ ಸಿಟ್ಟೂ ಇಲ್ಲ, ಸೆಡವೂ ಇಲ್ಲ, ಅದು ಊಟ. ಅದನ್ನೂ ‘ಆಕ್ರಮಣಕಾರಿ’ ಪಟ್ಟಿಗೆ ಸೇರಿಸುವುದು ಅನ್ಯಾಯ. ‘ನುಂಗಣ್ಣ’ ಎಂದು ಬರೆಯೋಣ ಎಂದ ಅಳಿಯ. ಅದು ರಾಜಕಾರಣಿಗಳಿಗೆ ಮೀಸಲಾದ ಪದವೆಂದು ಬೇಡವೆಂದೆ.

ಇನ್ನೊಂದು ಸಿಕ್ಕೂ ಇದೆ. ಹಲವು ಜಾತಿಗಳು ಒಟ್ಟಿಗಿರುವ ತೊಟ್ಟಿಗೆ ಏನು ಹೆಸರು? ‘ಸಮುದಾಯ ತೊಟ್ಟಿ’ ಅಂದರೆ ಸಮುದಾಯ ಭವನದ ಹಿಂದಿನ ನೀರಿನ ತೊಟ್ಟಿ ಕಣ್ಣಿಗೆ ಬರುತ್ತದೆ. ‘ಬೆರಕೆ ತೊಟ್ಟಿ’ ಅಂದರೆ ಮೀನೇ ಬೆರಕೆಯೆಂದು ತಿಳಿದಾರು. ಫ್ಲವರ್‌ಹಾರ್ನ್ ನಿಜಕ್ಕೂ ಬೆರಕೆ ತಳಿ, ಗೊಂದಲ ಇಮ್ಮಡಿಯಾಗುತ್ತದೆ. ಕೂಡುಕುಟುಂಬದ ದಾರಿಯಲ್ಲಿ ‘ಕೂಡುತೊಟ್ಟಿ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಅಂಥ ತೊಟ್ಟಿಗೆ ಹೊಸ ಮೀನು ಬಿಡುವ ಮೊದಲು ಅಳಿಯ ಒಳಗಿನ ಕಲ್ಲುಗಳನ್ನೆಲ್ಲ ಅದಲುಬದಲು ಮಾಡುತ್ತಾನೆ. ಹಳಬರಿಗೆ ತಮ್ಮ ಎಲ್ಲೆಯ ಗುರುತು ತಪ್ಪಿ, ಎಲ್ಲರೂ ಹೊಸದಾಗಿ ಒಕ್ಕಲಾದಂತಾಗಿ, ಜಗಳ ತಗ್ಗುತ್ತದೆ. ಈ ಕೆಲಸಕ್ಕೂ ಒಂದು ಪದ ಬೇಕಿತ್ತು.

ನನ್ನ ಪ್ರಶ್ನೆ ಇಷ್ಟು. ಮರಿ ಮಾಡಿದ ಹೇಂಟೆ, ಈದ ನಾಯಿ ಹತ್ತಿರ ಹೋದವರ ಮೇಲೆ ಬೀಳುವುದಕ್ಕೆ ನಿಮ್ಮ ಕಡೆ ಯಾವ ಪದ ಬಳಸುತ್ತೀರಿ? ಮಲೆನಾಡು, ಕರಾವಳಿ, ಉತ್ತರ ಕರ್ನಾಟಕ, ಎಲ್ಲಿಯದಾದರೂ ಸರಿ. ಚೀಟಿಯ ಅಗಲ ನಾಲ್ಕು ಬೆರಳು, ಅಷ್ಟರಲ್ಲಿ ಹಿಡಿಸಬೇಕು.